ತುಂಬಿದ ಹುಂಡಿ, ಬಾರದ ತಾಯಿ

ಸೋ ಯಾಂಗ್ ಕಿಮ್ ನಿರ್ದೇಶನದ ಕೊರಿಯನ್ ಚಿತ್ರ ‘ಟ್ರೀಲೆಸ್ ಮೌಂಟನ್’ (2008). ಪುಟ್ಟ ಅಕ್ಕತಂಗಿಯರಾದ ಜಿನ್, ಬಿನ್ ಇಬ್ಬರನ್ನೂ ಅತ್ತೆಯ ಮನೆಯಲ್ಲಿ ಬಿಟ್ಟುಹೋಗುವ ತಾಯಿ, ಹಂದಿಯಾಕಾರದ ಹುಂಡಿ ತುಂಬಿದಾಗ ಬರುತ್ತೇನೆ ಎನ್ನುತ್ತಾಳೆ. ಮಕ್ಕಳು ಮಿಡತೆ ಸುಟ್ಟು ಮಾರುತ್ತಾರೆ. ದೊಡ್ಡ ನಾಣ್ಯವನ್ನು ಚಿಲ್ಲರೆ ಮಾಡಿಸಿದರೆ ಹುಂಡಿ ಬೇಗ ತುಂಬುತ್ತದೆಂದು ಕಂಡುಕೊಳ್ಳುತ್ತಾರೆ. ಈ ಲೆಕ್ಕಕ್ಕೆ ನಗು ಬರುತ್ತದೆ. ಆದರೆ ತಾಯಿಯ ಮಾತನ್ನು ಅಕ್ಷರಶಃ ನಂಬಿದವರಷ್ಟೇ ಹೀಗೆ ಲೆಕ್ಕ ಹಾಕಬಲ್ಲರು. ಹುಂಡಿ ತುಂಬುತ್ತದೆ. ನಿಲ್ದಾಣದಲ್ಲಿ ಎಷ್ಟು ಕಾದರೂ ಬಸ್ಸಿನಿಂದ ತಾಯಿ ಇಳಿಯುವುದಿಲ್ಲ.

ಕೊನೆಗೆ ಮಕ್ಕಳು ಹಳ್ಳಿಯ ಅಜ್ಜ-ಅಜ್ಜಿಯ ಮನೆ ಸೇರುತ್ತಾರೆ. ಅಜ್ಜಿಯ ಸವೆದ ಪಾದರಕ್ಷೆ ಕಂಡು, ಹೊಸದು ಕೊಳ್ಳಲೆಂದು ಜಿನ್ ಹುಂಡಿಯನ್ನೇ ಕೊಟ್ಟುಬಿಡುತ್ತಾಳೆ. ಇದನ್ನು ಮಗುವಿನ ಔದಾರ್ಯವೆಂದು ಓದುವುದು ಸುಲಭ. ನನಗೆ ಇದು ಕಾಯುವುದನ್ನು ನಿಲ್ಲಿಸುವ ತೀರ್ಮಾನವಾಗಿ ಕಾಣುತ್ತದೆ. ಚಿತ್ರ ಆ ತೀರ್ಮಾನವನ್ನು ಹೊಗಳುವುದೂ ಇಲ್ಲ, ತಾಯಿಯನ್ನು ಹಳಿಯುವುದೂ ಇಲ್ಲ. ಆದ್ದರಿಂದಲೇ ಆ ನಾಣ್ಯಗಳ ಭಾರ ನಮ್ಮ ಕೈಯಲ್ಲಿ ಉಳಿಯುತ್ತದೆ.