ಮಾತಿಗೆ ಮುಂಚೆ ಕಿವಿ

ಹವ್ಯಾಸಿ ತಂಡದ ತಾಲೀಮಿಗೆ ಹೊಸದಾಗಿ ಬಂದವರನ್ನು ಮೊದಲು ಗೊಂದಲಕ್ಕೆ ಕೆಡವುವುದು ಎಡ-ಬಲ. ನಿರ್ದೇಶಕರು ‘ಸ್ಟೇಜ್ ರೈಟ್’ ಎಂದರೆ ಪ್ರೇಕ್ಷಕರತ್ತ ಮುಖ ಮಾಡಿ ನಿಂತ ನಟನ ಬಲ, ನೋಡುವವರದ್ದಲ್ಲ. ಅಪ್‌ಸ್ಟೇಜ್ ರಂಗದ ಹಿಂಭಾಗ, ಡೌನ್‌ಸ್ಟೇಜ್ ಪ್ರೇಕ್ಷಕರಿಗೆ ಹತ್ತಿರದ ಭಾಗ. ಯುರೋಪಿನ ಹಳೆಯ ರಂಗಮಂದಿರಗಳಲ್ಲಿ ವೇದಿಕೆ ಹಿಂದಕ್ಕೆ ಏರುತ್ತ ಹೋಗುತ್ತಿತ್ತು. ನೆಲ ಸಮತಟ್ಟಾದ ಮೇಲೂ ಅಪ್, ಡೌನ್ ಎಂಬ ಹೆಸರು ಉಳಿಯಿತು. ಯಾರು ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಎತ್ತ ನಡೆಯಬೇಕು ಎಂಬ ನಿಗದಿಯೇ ಬ್ಲಾಕಿಂಗ್. ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ, ಬದಲಾಗುತ್ತಲೇ ಇರುತ್ತದೆ. ಇವೆಲ್ಲ ಬೇಗ ಮೈಗೂಡುತ್ತವೆ.

ಸುಲಭಕ್ಕೆ ಮೈಗೂಡದ್ದು ಕ್ಯೂ. ನಿಮ್ಮ ಮಾತಿಗೋ ಪ್ರವೇಶಕ್ಕೋ ಸೂಚನೆಯಾಗಿ ಬರುವ ಎದುರಿನವರ ಕೊನೆಯ ಪದ, ಇಲ್ಲವೇ ಒಂದು ಚಲನೆ, ಒಂದು ಸದ್ದು, ಬೆಳಕಿನ ಬದಲಾವಣೆ. ಬಹಳಷ್ಟು ಹೊಸಬರು ತಮ್ಮ ಸಾಲುಗಳಿಗೆ ಗೆರೆ ಎಳೆದು, ಅವುಗಳ ಹಿಂದಿನ ಎರಡು ಪದಗಳನ್ನಷ್ಟೇ ಉರುಹೊಡೆಯುತ್ತಾರೆ. ರಂಗದ ಮೇಲೆ ಆ ಪದಗಳು ಬರುವವರೆಗೆ ಮುಖ ಖಾಲಿ. ಬಂದ ಕೂಡಲೇ ಬಾಯಿ ತೆರೆಯುತ್ತದೆ. ಪ್ರೇಕ್ಷಕರಿಗೆ ಅದು ತಕ್ಷಣ ತಿಳಿಯುತ್ತದೆ. ಪಾತ್ರಕ್ಕೆ ಸಿಟ್ಟು ಹತ್ತುವುದು ಎದುರಿನವರ ಮಾತಿನ ನಡುವೆ ಎಲ್ಲೋ. ಕೊನೆಯ ಪದ ಬೀಳುವಷ್ಟರಲ್ಲಿ ನಟನ ಉಸಿರು, ಭುಜ, ಕಣ್ಣು ಆಗಲೇ ಉತ್ತರಕ್ಕೆ ತೊಡಗಿರಬೇಕು.

ಕಂಪನಿ ನಾಟಕಗಳಲ್ಲಿ ಸೈಡ್ ವಿಂಗಿನ ಮರೆಯಲ್ಲಿ ಪ್ರಾಂಪ್ಟರ್ ಪುಸ್ತಕ ಹಿಡಿದು ನಿಲ್ಲುತ್ತಿದ್ದ. ಮರೆತ ಮಾತನ್ನು ಅವನು ಎತ್ತಿಕೊಡಬಲ್ಲ. ಎದುರಿನವರನ್ನು ಕೇಳಿಸಿಕೊಳ್ಳುವ ಕೆಲಸ ನಟನದೇ. ಅದನ್ನು ಕಲಿಯಲು ಯಕ್ಷಗಾನದ ಕೂತು ಮಾತಾಡುವ ರೂಪವಾದ ತಾಳಮದ್ದಲೆಗಿಂತ ಒಳ್ಳೆಯ ಜಾಗವನ್ನು ನಾನು ಕಾಣೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಹಾಡುವ ಭಾಗವತರ ಪದ್ಯ ಮುಗಿದ ಮೇಲೆ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಆ ಕ್ಷಣಕ್ಕೇ ಮಾತು ಹೊಸೆಯಬೇಕು, ಎದುರಿನವರು ಎತ್ತಿದ ಪ್ರಶ್ನೆಗೆ ಸಮಾಧಾನ ಹೇಳಬೇಕು, ಮುಂದಿನ ಪದ್ಯಕ್ಕೆ ಭಾಗವತರಿಗೆ ಎತ್ತುಗಡೆಯನ್ನೂ, ಅಂದರೆ ಸೂಚನೆಯ ಮಾತನ್ನೂ, ಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳಿದ ಧ್ವನಿಮುದ್ರಣಗಳನ್ನು ಹುಡುಕಿ ಕೇಳಿ. ಅವರ ಮಾತಿನ ಸೊಗಸಿಗೆ ಸೋಲುವುದು ಹೇಗೂ ಇದ್ದದ್ದೇ. ಎದುರಿನ ಅರ್ಥಧಾರಿಯ ಯಾವ ಮಾತಿಗೆ ಅದು ಉತ್ತರವಾಗಿ ಬರುತ್ತಿದೆ ಎಂಬುದನ್ನೂ ಗಮನಿಸಿ.

ತಾಲೀಮಿನಲ್ಲಿ ಮಾಡಬಹುದಾದ್ದೂ ಒಂದಿದೆ. ಎದುರಿನ ಪಾತ್ರದ ಸಾಲುಗಳನ್ನು ಬಾಯಿಪಾಠ ಮಾಡಿ, ಪಾತ್ರ ಅದಲುಬದಲಾಗಿಸಿ ದೃಶ್ಯವನ್ನು ಒಮ್ಮೆ ಆಡಿ. ಆಮೇಲೆ ನಿಮ್ಮ ಪಾತ್ರಕ್ಕೆ ಮರಳಿ, ಅವರ ಯಾವ ಪದ ನಿಮ್ಮನ್ನು ಚುಚ್ಚುತ್ತದೆ ಎಂದು ಹಸ್ತಪ್ರತಿಯಲ್ಲಿ ಗುರುತು ಹಾಕಿಕೊಳ್ಳಿ. ಬಹುತೇಕ ಸಲ ಅದು ಸಾಲಿನ ಕೊನೆಯಲ್ಲಿರುವುದಿಲ್ಲ.