ಮೇಳದಲ್ಲಿ ಕೂರೋಕೊಂದು ಜಾಗ

ಹೊಣಕೆರೆಯಿಂದ ಬೆಳಗ್ಗೆಯೇ ಬಸ್ ಹತ್ತಿ, ಅಪ್ಪನ ಜೊತೆ ಒಂದು ಕೃಷಿ ಮೇಳಕ್ಕೆ ಹೋಗಿದ್ದೆ. ಪವರ್ ಟಿಲ್ಲರ್ ನೋಡಬೇಕಿತ್ತು. ಸಾಲು ಸಾಲು ಮಳಿಗೆ, ಒಂದೊಂದಕ್ಕೂ ಒಂದೊಂದು ಮೈಕು. ಸುತ್ತಿ ಸಾಕಾದಾಗ ‘ವಿಶ್ರಾಂತಿ ಸ್ಥಳ’ ಅನ್ನೋ ಬೋರ್ಡು ಸಿಕ್ತು. ಪಕ್ಕದಲ್ಲೇ ಜನರೇಟರ್, ತಲೆ ಮೇಲೆ ಸ್ಪೀಕರ್. ಕೂತು ಎರಡು ನಿಮಿಷ ಆಗಿಲ್ಲ, ಸಾಲದ ಕರಪತ್ರ ಹಿಡಿದವರು ಬಂದರು. ಅಪ್ಪ ಎದ್ದು, ‘ನಡಿ ಮಗ, ಊರಿಗೆ ಹೋಗವ’ ಅಂದರು.

ಇದು ಬರೀ ಸೌಕರ್ಯದ ಕೊರತೆ ಅಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಯಲ್ಲೂ ಧೂಳು, ಗದ್ದಲ ಇದ್ದದ್ದೇ. ಆದರೆ ಎತ್ತಿನ ಪಕ್ಕದಲ್ಲೇ ಹುಲ್ಲು ಹಾಸಿಕೊಂಡು ಕೂರಬಹುದು. ಹಳೇ ಪದ್ಧತಿಯ ದನದ ವ್ಯಾಪಾರದಲ್ಲಿ ಬೆಲೆ ಕುದುರೋದು ಟವೆಲ್ ಮರೆಯಲ್ಲಿ, ಬೆರಳು ಹಿಡಿದು, ಮಾತಿಲ್ಲದೆ. ಯೋಚಿಸೋ ಬಿಡುವು ವ್ಯಾಪಾರದ ಒಳಗೇ ಇದೆ.

ಮೇಳ ಏರ್ಪಡಿಸೋರು ಮೊದಲು ಮಳಿಗೆಗಳ ನಕ್ಷೆ ಬರೆದು, ಉಳಿದ ಮೂಲೆಯನ್ನು ವಿಶ್ರಾಂತಿಗೆ ಬಿಡ್ತಾರೆ. ತಿರುಗಿಸಿ ಮಾಡಿ: ಮೊದಲು ಮರದ ನೆರಳು ಗುರುತಿಸಿ. ಅಲ್ಲಿ ಒರಗೋ ಬೆಂಚು, ಕುಡಿಯೋ ನೀರು, ಹತ್ತಿರದಲ್ಲೇ ಶೌಚಾಲಯ ಇರಲಿ. ಮೈಕು, ಜನರೇಟರ್, ಮಾರೋರು ದೂರ ಇರಲಿ. ವರ್ಷಗಳ ದುಡಿಮೆ ಹಾಕಿ ಯಂತ್ರ ಕೊಳ್ಳೋನಿಗೆ ಮನೆಯವರ ಜೊತೆ ಮೆಲ್ಲಗೆ ಮಾತಾಡೋಕೆ ಹತ್ತು ನಿಮಿಷ ಬೇಕು.

ಅಪ್ಪ ಟಿಲ್ಲರ್ ಕೊಂಡರು, ಎರಡು ತಿಂಗಳಾದ ಮೇಲೆ, ಬೇರೆ ಕಡೆ. ತೀರ್ಮಾನ ಆಗಿದ್ದು ನಮ್ಮ ಮನೆ ಜಗುಲಿ ಮೇಲೆ.