ಸಮೀಕ್ಷೆಯ ಖಾನೆಗೆ ಸಿಗದ ಬಬಲೇಶ್ವರ

2023ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಆರು ಕಾಂಗ್ರೆಸ್ಸಿಗೆ ಹೋದವು. ದೇವರಹಿಪ್ಪರಗಿ ಜೆಡಿಎಸ್ ಪಾಲಾಯಿತು, ಬಿಜೆಪಿಗೆ ಉಳಿದದ್ದು ವಿಜಯಪುರ ನಗರ ಒಂದೇ. ಮರುವರ್ಷ ಅವೇ ಎಂಟು ಕ್ಷೇತ್ರಗಳು ಸೇರಿ ಆಗುವ ಬಿಜಾಪುರ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ರಮೇಶ ಜಿಗಜಿಣಗಿ ಸುಮಾರು 77 ಸಾವಿರ ಮತಗಳಿಂದ ಗೆದ್ದರು. ಹಾಗಾದರೆ ಇಲ್ಲಿಯ ಮತದಾರರು ಯಾವ ಪಕ್ಷದವರು?

ರಾಜ್ಯಶಾಸ್ತ್ರಕ್ಕೆ ಈ ಪ್ರಶ್ನೆ ಹಳೆಯದು. 1960ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವಿದ್ವಾಂಸರು ‘ದಿ ಅಮೆರಿಕನ್ ವೋಟರ್’ ಪ್ರಕಟಿಸಿ, ಪಕ್ಷನಿಷ್ಠೆ ಬಹುಮಟ್ಟಿಗೆ ತಂದೆತಾಯಿಯಿಂದ ಬರುತ್ತದೆ, ಒಮ್ಮೆ ನೆಲೆಯಾದರೆ ಸುಲಭಕ್ಕೆ ಕದಲುವುದಿಲ್ಲ ಎಂದರು. ನಮ್ಮಲ್ಲಿ ಈಚೆಗೆ ಬಹಳ ಚರ್ಚೆಯಾದದ್ದು ಪ್ರದೀಪ್ ಛಿಬ್ಬರ್ ಮತ್ತು ರಾಹುಲ್ ವರ್ಮಾ ಅವರ ‘ಐಡಿಯಾಲಜಿ ಅಂಡ್ ಐಡೆಂಟಿಟಿ’ (2018). ಭಾರತದ ಪಕ್ಷಗಳಿಗೆ ಸಿದ್ಧಾಂತವಿಲ್ಲ ಎಂಬ ಮಾತನ್ನು ಅವರು ಒಪ್ಪುವುದಿಲ್ಲ. ಸಮಾಜದ ಕಟ್ಟುಪಾಡುಗಳಲ್ಲಿ ಸರ್ಕಾರ ಎಷ್ಟರಮಟ್ಟಿಗೆ ಕೈಹಾಕಬೇಕು, ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡಬೇಕೇ ಬೇಡವೇ ಎಂಬ ಎರಡು ಪ್ರಶ್ನೆಗಳ ಮೇಲೆ ಮತದಾರರು ನಿಜವಾಗಿಯೂ ಬೇರೆಬೇರೆ ನಿಲುವು ಹೊಂದಿದ್ದಾರೆ ಎನ್ನುವುದು ಅವರ ವಾದ. ಹಣಕ್ಕೋ ಜಾತಿಗೋ ಮಾರಿಹೋದವರು ಎಂದು ಹಳ್ಳಿಯ ಮತದಾರರನ್ನು ಕೀಳಾಗಿ ಕಾಣುವ ಚಾಳಿಗೆ ಈ ಪುಸ್ತಕ ಕೊಟ್ಟ ಉತ್ತರ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ತಕರಾರಿರುವುದು ಅದರ ಅಳತೆಯ ಬಗ್ಗೆ.

ಪುಸ್ತಕ ಬಹುಮಟ್ಟಿಗೆ ನಿಂತಿರುವುದು ಲೋಕನೀತಿ ಸಂಸ್ಥೆಯ ರಾಷ್ಟ್ರೀಯ ಚುನಾವಣಾ ಅಧ್ಯಯನಗಳ ಮೇಲೆ. ಮತದಾರರ ಪಟ್ಟಿಯಿಂದ ಹೆಸರು ಆರಿಸುತ್ತಾರೆ, ಮನೆಗೆ ಹೋಗುತ್ತಾರೆ, ಅಣಕು ಮತಪತ್ರ ಕೊಟ್ಟು ಗುಟ್ಟಾಗಿ ಗುರುತು ಹಾಕಿಸಿಕೊಳ್ಳುತ್ತಾರೆ. ಪ್ರಾಮಾಣಿಕ ಕ್ರಮ, ಸಂಶಯವಿಲ್ಲ. ನಿಮಗೆ ಹತ್ತಿರವೆನಿಸುವ ಪಕ್ಷ ಇದೆಯೇ, ಮತ ಹಾಕುವಾಗ ಪಕ್ಷ ನೋಡಿದಿರೋ ಅಭ್ಯರ್ಥಿಯನ್ನೋ ಎಂದೂ ಕೇಳುತ್ತಾರೆ. ಆ ಎಂಟು ಕ್ಷೇತ್ರಗಳಲ್ಲಿ ಒಂದಾದ ಬಬಲೇಶ್ವರದ ಕಡೆ ಈ ಪ್ರಶ್ನೆಗೆ ಸಹಜವಾಗಿ ಬರುವ ಉತ್ತರ, ‘ನಮ್ಮ ಮನಿ ಮೊದಲಿನಿಂದ ಆ ಗೌಡ್ರ ಕಡೀರಿ’ ಎಂದು. ಪಕ್ಷ, ಅಭ್ಯರ್ಥಿ ಎಂಬ ಎರಡೇ ಖಾನೆಗಳಲ್ಲಿ ಇದನ್ನು ಎಲ್ಲಿ ಬರೆದುಕೊಳ್ಳುವುದು?

ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕ್ಷೇತ್ರ ಮರುವಿಂಗಡಣೆಗೆ ಮುಂಚೆ ಇದು ತಿಕೋಟಾ ಕ್ಷೇತ್ರ, 2008ರಿಂದ ಬಬಲೇಶ್ವರ. ಈಗಿನ ಶಾಸಕ ಎಂ.ಬಿ. ಪಾಟೀಲರ ತಂದೆ ಬಿ.ಎಂ. ಪಾಟೀಲರು ತಿಕೋಟಾದ ಶಾಸಕರಾಗಿದ್ದರು. ಮಗ 2004ರಲ್ಲಿ ತಿಕೋಟಾದಿಂದ, 2008ರಿಂದ 2023ರವರೆಗೆ ನಾಲ್ಕು ಸಲ ಬಬಲೇಶ್ವರದಿಂದ ಗೆದ್ದರು, ಎಲ್ಲವೂ ಕಾಂಗ್ರೆಸ್ಸಿನಿಂದಲೇ. ಇದಿಷ್ಟನ್ನೇ ನೋಡಿದ ಸಂಶೋಧಕರು ಕಾಂಗ್ರೆಸ್ ನಿಷ್ಠೆಯ ಕ್ಷೇತ್ರವೆಂದು ಬರೆದುಕೊಳ್ಳುತ್ತಾರೆ. ಎದುರಾಳಿಯ ಕಡೆ ಕಣ್ಣು ಹಾಯಿಸಿದರೆ ಬೇರೆಯೇ ಚಿತ್ರ. 2013ರಲ್ಲಿ ವಿಜುಗೌಡ ಪಾಟೀಲರು ಜೆಡಿಎಸ್‌ನಿಂದ ನಿಂತು ಸೋತರು. 2018 ಮತ್ತು 2023ರಲ್ಲಿ ಬಿಜೆಪಿಯಿಂದ. ಚಿಹ್ನೆ ಬದಲಾದರೂ ಹಣಾಹಣಿ ಅದೇ ಇಬ್ಬರದು. ವಿಜುಗೌಡರ ಅಣ್ಣ ಶಿವಾನಂದ ಪಾಟೀಲರು 1990ರ ದಶಕದಲ್ಲಿ ಇದೇ ತಿಕೋಟಾದಿಂದ ಗೆದ್ದವರು. ಈಗ ಬಸವನಬಾಗೇವಾಡಿಯ ಕಾಂಗ್ರೆಸ್ ಶಾಸಕರು, 2023ರಲ್ಲಿ ಎಂ.ಬಿ. ಪಾಟೀಲರಿದ್ದ ಸಂಪುಟವನ್ನೇ ಸೇರಿದರು. ಮಿಷಿಗನ್ನಿನವರು ಹೇಳಿದ ಪಿತ್ರಾರ್ಜಿತ ನಿಷ್ಠೆ ಇಲ್ಲಿಯೂ ಇದೆ. ಆದರೆ ತಂದೆಯಿಂದ ಮಗನಿಗೆ ಬಂದದ್ದು ಪಕ್ಷವಲ್ಲ, ಕಡೆ.

ಲೋಕಸಭೆಯ ಒಗಟೂ ಇಲ್ಲಿ ಸ್ವಲ್ಪ ಬಿಡುತ್ತದೆ. 2009ರಿಂದ ಬಿಜಾಪುರ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಆ ಮತಯಂತ್ರದಲ್ಲಿ ಯಾವ ಗೌಡರ ಹೆಸರೂ ಇರುವುದಿಲ್ಲ. ಊರಿನ ಹಳೆಯ ಕಟ್ಟು ಅಲ್ಲಿ ಸಡಿಲಾಗಿ, ದೆಹಲಿಯ ಲೆಕ್ಕ ಮುಂದೆ ಬರುತ್ತದೆ ಎಂಬುದು ನನ್ನ ಊಹೆ. ಒಂದೇ ಚುನಾವಣೆಯ ಸಮೀಕ್ಷೆ ಹಿಡಿದು ಇದನ್ನು ಸಾಧಿಸಲೂ ಆಗದು, ಅಲ್ಲಗಳೆಯಲೂ ಆಗದು.

ವಿಜಯಪುರ ನಗರದ ಕಥೆ ಛಿಬ್ಬರ್–ವರ್ಮಾ ಅವರ ಪರವಾಗಿಯೇ ನಿಲ್ಲುತ್ತದೆ. ವಾಜಪೇಯಿ ಸರ್ಕಾರದಲ್ಲಿ ಸಚಿವರಾಗಿದ್ದ ಬಸನಗೌಡ ಪಾಟೀಲ ಯತ್ನಾಳರು 2013ರಲ್ಲಿ ಜೆಡಿಎಸ್ ಚಿಹ್ನೆಯ ಮೇಲೆ ನಿಂತು ಕಾಂಗ್ರೆಸ್ಸಿನ ಮಕ್ಬೂಲ್ ಬಾಗವಾನರಿಗೆ ಸೋತರು. ಬಿಜೆಪಿಗೆ ಮರಳಿ 2018ರಲ್ಲೂ 2023ರಲ್ಲೂ ಗೆದ್ದರು. 2013ರಲ್ಲಿ ಬಿಜೆಪಿಯೇ ಒಡೆದಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ನಗರದಲ್ಲಿ ಚಿಹ್ನೆಗೂ ಸಿದ್ಧಾಂತಕ್ಕೂ ತೂಕವಿದೆ. ಆದರೆ ಇದೇ ಯತ್ನಾಳರು ನಡುವೆ 2015ರಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಪಕ್ಷೇತರರಾಗಿ ವಿಧಾನ ಪರಿಷತ್ತಿಗೆ ಗೆದ್ದರಲ್ಲ! ಅಲ್ಲಿ ಮತ ಹಾಕುವವರು ಹೆಚ್ಚಿನಂಶ ಗ್ರಾಮ ಪಂಚಾಯಿತಿ ಸದಸ್ಯರು; ಅವರೇ ಪಕ್ಷದ ಚಿಹ್ನೆಯಿಲ್ಲದೆ ಆರಿಸಿಬಂದವರು. ಪಕ್ಷದ ಚಿಹ್ನೆಯ ಮೇಲೆ ಆಯ್ಕೆ ನಡೆಯುವ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಪಕ್ಷ ಹಳ್ಳಿಗೆ ಇಳಿಯುವ ಮೆಟ್ಟಿಲೇ ಇಲ್ಲದಾಗ ಪಕ್ಷನಿಷ್ಠೆ ಎಲ್ಲಿ ಬೇರು ಬಿಡಬೇಕು? ಸಮೀಕ್ಷೆಯ ಪುಸ್ತಕಗಳು ಇದನ್ನು ಗಂಭೀರವಾಗಿ ಕೇಳಿಕೊಂಡಿಲ್ಲ.

ಕೇಳಿಕೊಂಡವರೊಬ್ಬರು ಹಿಂದೆ ಇದ್ದರು. ಮೈರನ್ ವೀನರ್ 1967ರ ‘ಪಾರ್ಟಿ ಬಿಲ್ಡಿಂಗ್ ಇನ್ ಎ ನ್ಯೂ ನೇಷನ್’ಗಾಗಿ ಆರಿಸಿಕೊಂಡ ಐದು ಕಡೆಗಳಲ್ಲಿ ನಮ್ಮ ನೆರೆಯ ಬೆಳಗಾವಿಯೂ ಒಂದು. ಕಾಂಗ್ರೆಸ್ ಗೆಲ್ಲುತ್ತಿದ್ದದ್ದು ಏಕೆ ಎಂಬುದಕ್ಕೆ ಅವರು ಕಂಡುಕೊಂಡ ಉತ್ತರ ಸರಳ: ಕಾರ್ಯಕರ್ತರು ಜನರಿಗೂ ಕಚೇರಿಗಳಿಗೂ ನಡುವೆ ನಿಂತು ಕೆಲಸ ಮಾಡಿಸಿಕೊಡುತ್ತಿದ್ದರು, ಊರಿನ ಬಲವಿದ್ದವರ ಜೊತೆ ಪಕ್ಷ ಹೊಂದಿಕೊಳ್ಳುತ್ತಿತ್ತು. ಆ ಹೊಂದಾಣಿಕೆಯಲ್ಲಿ ಬಡವರು ಎಷ್ಟು ಕಳೆದುಕೊಂಡರು ಎಂಬುದರ ಮೇಲೆ ವೀನರ್ ಹೆಚ್ಚು ಒತ್ತು ಕೊಡಲಿಲ್ಲ, ಅದು ದೊಡ್ಡ ಕೊರತೆಯೇ. ಆದರೂ ಮತದಾನದ ದಿನದಾಚೆಗಿನ ರಾಜಕಾರಣ ಅವರ ಕಣ್ಣಿಗೆ ಬಿದ್ದಿತ್ತು. ಬಬಲೇಶ್ವರದಲ್ಲೂ ನೋಡಬೇಕಾದದ್ದು ಅದನ್ನೇ. ಎಂ.ಬಿ. ಪಾಟೀಲರು 2013ರಿಂದ 2018ರವರೆಗೆ ಜಲಸಂಪನ್ಮೂಲ ಸಚಿವರು. ಆ ಅವಧಿಯಲ್ಲಿ ತುಬಚಿ–ಬಬಲೇಶ್ವರ ಏತ ನೀರಾವರಿಯ ಕೆಲಸ ನಡೆಯಿತು, ಕೆರೆ ತುಂಬಿಸಲಾಯಿತು. 2018ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ 122ರಿಂದ 80ಕ್ಕೆ ಇಳಿದಾಗಲೂ ಬಬಲೇಶ್ವರ ಕೈಬಿಡಲಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಿ ದ್ರಾಕ್ಷಿ ಬಳ್ಳಿ ಉಳಿಸಿಕೊಂಡ ತಿಕೋಟಾದ ರೈತನಿಗೆ ಕೆರೆಗೆ ಬಂದ ನೀರೆಂದರೆ ಏನು ಎಂಬುದು ‘ಅಭಿವೃದ್ಧಿ’ ಎಂಬ ಖಾನೆಯ ಒಂದು ಗುರುತಿನಲ್ಲಿ ತಿಳಿಯುವುದಿಲ್ಲ.

ನನಗೆ ಬೇಕೆನಿಸುವ ಅಧ್ಯಯನ ಹೀಗಿರಬೇಕು: ಅವೇ ಮನೆಗಳಿಗೆ ಗ್ರಾಮ ಪಂಚಾಯಿತಿ, ವಿಧಾನಸಭೆ, ಲೋಕಸಭೆ ಮೂರೂ ಚುನಾವಣೆಗಳ ನಂತರ ಹೋಗಬೇಕು, ಮಾವ, ಗಂಡ ಕಟ್ಟೆಯ ಮೇಲೆ ಕೂತಿರುವಾಗ ಸೊಸೆಯನ್ನು ಕೇಳಬಾರದು. 2025ರ ಮಾರ್ಚ್‌ನಲ್ಲಿ ಬಿಜೆಪಿ ಯತ್ನಾಳರನ್ನು ಉಚ್ಚಾಟಿಸಿದ ಮೇಲೆ ನಗರದ ಮತ ಚಿಹ್ನೆಯದೋ ವ್ಯಕ್ತಿಯದೋ ಎಂದು ನೋಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ದೆಹಲಿಯ ತಂಡ ಬರಲೆಂದು ಕಾಯಬೇಕಾಗಿಯೂ ಇಲ್ಲ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿರುವುದು ತಿಕೋಟಾಕ್ಕೆ ಹೋಗುವ ದಾರಿಯಲ್ಲೇ, ತೊರವಿಯಲ್ಲಿ. ಅಡುಗೆಮನೆಯ ತನಕ ಹೋಗಿ ಕೂತು ಮಾತಾಡಬಲ್ಲ ಸಂಶೋಧಕಿಯರು ಅಲ್ಲಿದ್ದಾರೆ.